ತಳದ ಗಸಿ

ನಮ್ಮ ಬೆಟ್ಟದೂರು ಲಾಮೀಖರ್ಕದಲ್ಲಿ ಮೊಣಕಾಲು ನೋವಿಲ್ಲದವರು ಯಾರೆಂದು ಕೇಳಿದರೆ ಇನ್ನೂ ನಡೆಯಲು ಕಲಿಯದ ಕೂಸುಗಳನ್ನು ತೋರಿಸಬೇಕು. ಉಳಿದವರೆಲ್ಲ ನೀರಿಗೆ ಇಳಿಯಬೇಕು, ಸೌದೆಗೆ ಹತ್ತಬೇಕು. ಪಕ್ಕದ ಮನೆಯವರ ಜೊತೆ ಜಗಳ ಆಡಬೇಕೆಂದರೂ ಎರಡು ಪಾಗಾರ ಏರಿ ಹೋಗಬೇಕು. ತಲುಪುವಷ್ಟರಲ್ಲಿ ಅರ್ಧ ಸಿಟ್ಟು ಏದುಸಿರಿನಲ್ಲೇ ಕಳೆದಿರುತ್ತದೆ. ಇಂಥ ಊರಿನ ಆರೋಗ್ಯ ಚೌಕಿಯಲ್ಲಿ ನಾನು ತಲೆಕೂದಲು ಬೆಳ್ಳಗಾಗುವಷ್ಟು ಕಾಲದಿಂದ ಇದ್ದೇನೆ. ಓದಿದ್ದು ಕಂಪೌಂಡರ್ ಓದು. ಊರಿನವರು ಕರೆಯುವುದು ಡಾಕ್ಟರ್ ಸಾಬ್ ಎಂದು. ಮೊದಲ ವರ್ಷ ತಿದ್ದಿ ನೋಡಿದೆ, ಆಮೇಲೆ ಅದರಿಂದ ನನಗೇನೂ ನಷ್ಟವಿಲ್ಲವೆಂದು ಸುಮ್ಮನಾದೆ.

ಸರ್ಕಾರ ಕಳಿಸುವ ನೋವಿನ ಮುಲಾಮು ದಸೈಂಗೆ, ಅಂದರೆ ದಸರೆಗೆ ಬಂದು, ತಿಹಾರ್‌ಗೆ, ಅಂದರೆ ದೀಪಾವಳಿಗೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಮಚ್ಚಿನೋ ಗಿಡವೇ ಗತಿ. ಊರ ಮೇಲಿನ ಇಳಿಜಾರಿನ ತುಂಬ ಅದೇ ಬೆಳೆದಿದೆ, ಸೊಂಟದೆತ್ತರದ ಪೊದೆ. ಎಲೆ ಹಿಸುಕಿದರೆ ಥೇಟ್ ನನ್ನ ಮುಲಾಮಿನ ವಾಸನೆ. ಎರಡೂ ಒಂದೇ ತಾಯಿಯ ಮಕ್ಕಳು, ಒಂದು ಪಟ್ಟಣಕ್ಕೆ ಹೋಗಿ ಟ್ಯೂಬು ತೊಟ್ಟುಕೊಂಡು ಬಂದಿದೆ, ಅಷ್ಟೇ. ಬಾಣಂತಿಗೆ ಅದರ ಎಲೆ ಕುದಿಸಿದ ಹಬೆ, ಉಳುಕಿದ ಕಾಲಿಗೆ ಅದರದೇ ಬಿಸಿ ಕಟ್ಟು, ಹೊರೆ ಹೊತ್ತವರ ಕತ್ತಿಗೆ ಅರೆದು ಹಚ್ಚುವುದು, ಕೊನೆಗೆ ಕುಂಟುವ ಎಮ್ಮೆಗೂ ಅದೇ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹಿತ್ತಲ ಗಿಡವೇ ಮದ್ದು, ಡಾಕ್ಟರ್ ಸಾಬ್ ಕೊನೆಯ ಉಪಾಯ.

ಆದರೆ ಎಲೆ ಸಿಕ್ಕ ಮಾತ್ರಕ್ಕೆ ಅದು ಮದ್ದಾಗುವುದಿಲ್ಲ, ಅದರ ಮೇಲೆ ಯಾರಾದರೂ ಮಂತ್ರ ಹೇಳಿ ಊದಬೇಕು. ಊದುವ ಹಕ್ಕು ಕರ್ಸಾಂಗ್ ಬೊಂಬೊನದು. ಈ ಊರಿನ ತಮಾಂಗ್ ಜನರಲ್ಲಿ ಬೊಂಬೊ ಎಂದರೆ ದೇವರು ಮೈಮೇಲೆ ಬರುವವನು. ಹುಟ್ಟು, ಸಾವು, ಕಳೆದುಹೋದ ಎಮ್ಮೆ, ನಿಲ್ಲದ ಬಿಕ್ಕಳಿಕೆ, ಎಲ್ಲಕ್ಕೂ ಅವನ ಢೋಲು ಬೇಕು. ರೋಗಿಗಳು ನನ್ನ ಬಳಿ ಬರುವ ಮುಂಚೆ ಅವನಲ್ಲಿಗೆ ಹೋಗುತ್ತಾರೆ, ನನ್ನನ್ನು ನೋಡಿಯಾದ ಮೇಲೂ ಅವನಲ್ಲಿಗೆ ಹೋಗುತ್ತಾರೆ. ಇದರಿಂದ ನಮ್ಮಿಬ್ಬರ ನಡುವೆ ವೈಮನಸ್ಯವೇನೂ ಇಲ್ಲ. ಸಂಜೆ ಅವನ ಜಗಲಿಯಲ್ಲಿ ಕೂತು, ಅವನ ಹೆಂಡತಿ ಮೆಂದೊ ರಾಗಿಯಿಂದ ಇಳಿಸಿದ ರಕ್ಸಿ ಸಾರಾಯಿ ಕುಡಿಯುತ್ತ ಊರಿನವರ ಕಾಯಿಲೆಗಳನ್ನು ಆಡಿಕೊಳ್ಳುತ್ತೇವೆ.

ಊರಿಗೆಲ್ಲ ಊದಿದವನ ಮೊಣಕಾಲೇ ಕೆಟ್ಟಿತು. ಬೇರೆಯವರಾಗಿದ್ದರೆ ಕುಂಟಿಕೊಂಡು ಕಾಲ ಹಾಕುತ್ತಿದ್ದರು. ಬೊಂಬೊನಿಗೆ ಆ ಸ್ವಾತಂತ್ರ್ಯ ಇಲ್ಲ. ನೂಲು ಹುಣ್ಣಿಮೆಯ ದಿನ ಬೊಂಬೊಗಳೆಲ್ಲ ಬಿಳಿ ಲಂಗ ತೊಟ್ಟು, ತಲೆಗೆ ನವಿಲುಗರಿ ಕಟ್ಟಿ, ಢೋಲು ಬಾರಿಸುತ್ತ ಸೇತಿ ಕೊಳಕ್ಕೆ ಹತ್ತುತ್ತಾರೆ. ಕೊಳದ ದಂಡೆಯಲ್ಲಿ ಮೊದಲು ಕುಣಿದವನೇ ಮುಂದಿನ ನೂಲು ಹುಣ್ಣಿಮೆಯವರೆಗೆ ಊರಿನ ಮುಖ್ಯ ಬೊಂಬೊ. ಹತ್ತುವುದು ಸ್ವಂತ ಕಾಲಿನಲ್ಲೇ ಆಗಬೇಕು. ಇಳಿಯುವುದು ಹೇಗಾದರೂ ಇಳಿಯಲಿ, ದೇವರು ಅದನ್ನು ನೋಡುವುದಿಲ್ಲ. ಹೋದ ವರ್ಷ ಕರ್ಸಾಂಗ್ ಹಲ್ಲು ಕಚ್ಚಿ ಹತ್ತಿದ, ಇಳಿಸುವಾಗ ಬೆನ್ನಬುಟ್ಟಿಯಲ್ಲಿ ಕೂರಿಸಿ ಹೊತ್ತು ತಂದರು. ಕೆಳಗೇರಿಯ ಬಿರ್ಖೆ ಅವನ ಅರ್ಧ ವಯಸ್ಸಿನ ಬೊಂಬೊ. ಅವನು ಬುಟ್ಟಿಯ ಹಿಂದೆಯೇ ಢೋಲು ಬಾರಿಸುತ್ತ ಬಂದ, ಹೆಣದ ಹಿಂದೆ ಬಾರಿಸುವ ಗತ್ತಿನಲ್ಲಿ. ಈ ವರ್ಷ ಹತ್ತಲಾಗದಿದ್ದರೆ ಢೋಲಿನ ಮರ್ಯಾದೆ ಬಿರ್ಖೆಯ ಪಾಲು. ಕರ್ಸಾಂಗನಿಗೆ ಅದು ಬರೀ ಮರ್ಯಾದೆಯ ಪ್ರಶ್ನೆ ಆಗಿರಲಿಲ್ಲ. ಢೋಲು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಆಲೂಗಡ್ಡೆ ಕೂಡ ನೆಟ್ಟಗೆ ಅಗೆಯಲು ಬಾರದ ಮನುಷ್ಯ.

ಇನ್ನು ಅವನ ಸೊಸೆ ಜುಕಿಮಾಯಾ. ಗಂಡ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವವನು, ಮನೆಯಲ್ಲಿದ್ದರೂ ಇಲ್ಲದಿದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಜುಕಿಮಾಯಾ ಮನೆಯಲ್ಲಿದ್ದರೆ ಇಡೀ ಓಣಿಗೆ ಗೊತ್ತಾಗುತ್ತದೆ. ಊರಿನ ಹೆಂಗಸರ ಗುಂಪಿಗೆ ಒಂದು ಎಣ್ಣೆ ಭಟ್ಟಿ ಬಂದಾಗ ಅದರ ಅಧ್ಯಕ್ಷೆ ಅವಳೇ ಆದಳು, ಚುನಾವಣೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಭಟ್ಟಿ ಎಂದರೆ ಒಂದು ದೊಡ್ಡ ಕಬ್ಬಿಣದ ಹಂಡೆ, ಒಂದು ಕೊಳವೆ, ತಣ್ಣೀರಿನ ತೊಟ್ಟಿ, ಕೊನೆಯಲ್ಲಿ ತಳಕ್ಕೆ ನಲ್ಲಿ ಇರುವ ಒಂದು ಪಾತ್ರೆ. ಕಲಿಸಲು ಬಂದವನು ಧೂಪಕ್ಕೆ ಸುಡುವ ಧೂಪಿ ಸೊಪ್ಪು ಬೇಯಿಸಿ ತೋರಿಸಿ ಹೋದ. ಧೂಪಿಯ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಕೆಳಗಿನ ನಲ್ಲಿ ತಿರುಗಿಸಿ ನೀರು ಚೆಲ್ಲು, ಮೇಲಿನದನ್ನು ತುಂಬಿಕೋ, ಅಷ್ಟೇ ಪಾಠ.

ಭಟ್ಟಿ ಹೊತ್ತಿದ ಮೊದಲ ದಿನವೇ ಮಾವ ಸೊಸೆಗೆ ಜಗಳ ಹತ್ತಿಕೊಂಡಿತು. ಗಿಡದ ಉಸಿರು ಹೊಗೆಯಾಗಿ ದೇವರ ಹತ್ತಿರ ಹೋಗಬೇಕು, ಇವಳು ಅದರ ಕತ್ತು ಹಿಸುಕಿ ಡಬ್ಬಿಗೆ ತುಂಬುತ್ತಿದ್ದಾಳೆ, ಹಾಗೆ ಇಳಿಸಿದ ಎಣ್ಣೆ ಹೆಣದ ಬೆವರು ಎಂದು ಕರ್ಸಾಂಗ್ ಊರೆಲ್ಲ ಸಾರಿದ. ಸೊಸೆ, ಮಾವ ದಿನಾ ಸಂಜೆ ಕುಡಿಯುವ ರಕ್ಸಿಯನ್ನೂ ಹೀಗೇ ಇಳಿಸುತ್ತಾರಲ್ಲ, ಅದು ಯಾರ ಹೆಣದ ಬೆವರು ಎಂದು ಕೇಳಿದಳು. ರಕ್ಸಿಯ ವಿಷಯ ಬೇರೆ, ರಾಗಿಗೆ ತಾನು ರಕ್ಸಿ ಆಗಬೇಕೆಂಬ ಆಸೆ ಮೊದಲಿನಿಂದ ಇರುತ್ತದೆ ಎಂದು ಅವನು ಉತ್ತರ ಕೊಟ್ಟ. ಕೈಯಲ್ಲಿ ಅದರದೇ ಬಟ್ಟಲು ಹಿಡಿದಿದ್ದ ನಾನು ತಲೆಯಾಡಿಸಿದೆ. ಅಂದಿನಿಂದ ಇಬ್ಬರೂ ಒಂದೇ ಒಲೆಯ ಢಿಂಡೋ ಮುದ್ದೆ ತಿಂದರೂ ಮಾತೆಲ್ಲ ಮೆಂದೊಳ ಮೂಲಕವೇ ನಡೆಯಿತು.

ಎರಡು ವರ್ಷ ಧೂಪಿ ಎಣ್ಣೆ ಇಳಿಸಿದರು. ಆಮೇಲೆ ಧೂಪಿ ಕಡಿಯಬಾರದೆಂದು ಕಾಡಿನ ಕಚೇರಿಯಿಂದ ಹೇಳಿಕೆ ಬಂತು. ಹಂಡೆ ಖಾಲಿ ಕೂತಿದ್ದನ್ನು ನೋಡಲಾರದೆ ಜುಕಿಮಾಯಾ ಮಚ್ಚಿನೋ ಎಲೆ ತುಂಬಿದಳು. ಯಾರನ್ನೂ ಕೇಳಲಿಲ್ಲ, ಯಾಕೆ ಕೇಳಬೇಕು? ಈ ಊರಿನ ಹೆಂಗಸರು ಹಾಲುಹಲ್ಲು ಬೀಳುವ ಮುಂಚೆ ರಕ್ಸಿ ಇಳಿಸಲು ಕಲಿತವರು. ಮೇಲಿನ ತಣ್ಣೀರು ಎಷ್ಟು ಸಲ ಬದಲಾಯಿಸಿದ್ದು ಎಂದು ನಾಲಿಗೆ ತಾಗಿಸಿ ಹೇಳಬಲ್ಲವರು. ಒಲೆ, ಹಬೆ, ತಣ್ಣೀರು, ಇವುಗಳ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ತೊಂದರೆ ಆದದ್ದೇ ಅದರಿಂದ.

ಮಚ್ಚಿನೋ ಎಣ್ಣೆ ನೀರಿಗಿಂತ ಭಾರ. ಅದು ತೇಲುವುದಿಲ್ಲ, ಮುಳುಗುತ್ತದೆ. ಕಬ್ಬಿಣದ ಹಂಡೆಯಾದ್ದರಿಂದ ತುಕ್ಕಿನ ಬಣ್ಣಕ್ಕೆ ತಿರುಗಿ ತಳದಲ್ಲಿ ಕೂತಿತ್ತು. ಹೆಂಗಸರು ಅದನ್ನು ನೋಡಿದರು, ಹಂಡೆಯ ಕೊಳೆ ಇಳಿದಿದೆ ಎಂದುಕೊಂಡರು, ಅಭ್ಯಾಸದಂತೆ ನಲ್ಲಿ ತಿರುಗಿಸಿ ಚರಂಡಿಗೆ ಬಿಟ್ಟರು. ಮೇಲೆ ಉಳಿದದ್ದು ಹಾಲಿನ ಪಾತ್ರೆ ತೊಳೆದಂಥ ಬೆಳ್ಳನೆ ನೀರು, ಮೂಗು ಕಟ್ಟುವಷ್ಟು ವಾಸನೆ. ಇಡೀ ಹಂಡೆ ಧೂಪಿ ಬೇಯಿಸಿದರೆ ಒಂದು ಪುಟ್ಟ ಬಾಟಲಿ ಸಿಗುತ್ತಿತ್ತು; ಮಚ್ಚಿನೋ ಒಂದೇ ಸಲಕ್ಕೆ ಕೊಡಗಟ್ಟಲೆ ಕೊಟ್ಟಿತು. ಇಷ್ಟು ಉದಾರಿ ಗಿಡ ಇಷ್ಟು ದಿನ ಕಣ್ಣೆದುರೇ ಇತ್ತಲ್ಲ ಎಂದು ಹೆಂಗಸರು ಹಣೆ ಚಚ್ಚಿಕೊಂಡರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆ ಯಾರದೋ ಕಲ್ಪನೆ ಎಂದು ತಿಳಿದಿದ್ದೆ. ಇವರು ಅಕ್ಷರಶಃ ಹಾಗೇ ಮಾಡಿದ್ದರು.

ಲಾಭ ಹೆಚ್ಚಾಗಿ ಬಂದಾಗ ಯಾರೂ ಲೆಕ್ಕ ತಪ್ಪಿದೆಯಾ ಎಂದು ನೋಡುವುದಿಲ್ಲ. ನೀಲಿ ಡ್ರಮ್ಮುಗಳು ತುಂಬಿದವು. ಮಾರಲು ಇಟ್ಟು ಮಿಕ್ಕಿದ್ದನ್ನು ಜುಕಿಮಾಯಾ ಧಾರಾಳವಾಗಿ ಹಂಚಿದಳು. ತವರಿನವರಿಗೆ ಕಳಿಸಿದಳು, ಗುಂಪಿನ ಮನೆಮನೆಗೆ ಕೊಟ್ಟಳು, ನೆಂಟರಿಗೆ, ಮೇಷ್ಟ್ರಿಗೆ, ನನಗೆ. ಊರಿಗೆ ಊರೇ ನೀರು ಉಜ್ಜಿಕೊಂಡಿತು, ಊರಿಗೆ ಊರೇ ವಾಸಿಯಾಯಿತು. ಚಹಾ ಅಂಗಡಿಯ ಮುದುಕನ ಸೊಂಟ ನೆಟ್ಟಗಾಯಿತು. ಮೇಷ್ಟ್ರ ಭುಜ ಮೇಲೆದ್ದಿತು, ಎದ್ದ ಕೂಡಲೇ ಮಕ್ಕಳಿಗೆ ಏಟು ಬಿತ್ತು. ನನ್ನ ಬೆನ್ನಿಗೂ ಹಚ್ಚಿಕೊಂಡೆ. ಸುಳ್ಳು ಯಾಕೆ ಹೇಳಲಿ, ಹಗುರಾದಂತೆ ಇತ್ತು.

ಒಬ್ಬ ಕರ್ಸಾಂಗ್ ಮಾತ್ರ ಅದನ್ನು ಮುಟ್ಟಲಿಲ್ಲ. ಅವನಿಗೆ ಬೇಕಾದದ್ದು ಹಳೇ ಕಾಲದ ಎಣ್ಣೆ. ಅದಕ್ಕೆ ಮಚ್ಚಿನೋ ಎಲೆಯನ್ನು ಸಾಸಿವೆ ಎಣ್ಣೆಯಲ್ಲಿ ನೆನೆಹಾಕಿ, ದಿನವೂ ಬಿಸಿಲಿಗಿಟ್ಟು, ಸಂಜೆ ಒಳಗೆ ತಂದು, ಹೀಗೆ ವಾರಗಟ್ಟಲೆ ಕಾಯಬೇಕು. ಮೆಂದೊಗೆ ಕಣ್ಣು ಮಂಜಾಗಿದ್ದರಿಂದ ಆ ಕೆಲಸ ಸೊಸೆಗೆ ಬಂತು. ಸೊಸೆಗೆ ಹಗಲೆಲ್ಲ ಭಟ್ಟಿಯ ಕೆಲಸ, ಮಾವನ ಮೇಲೆ ವರ್ಷಗಟ್ಟಲೆಯ ಸಿಟ್ಟು. ಅವಳು ಎಲೆ ಹುಡುಕಲೂ ಇಲ್ಲ, ಬಿಸಿಲಿಗೂ ಇಡಲಿಲ್ಲ. ಭಟ್ಟಿಯ ತಳದ ಗಸಿಯನ್ನು ಒಂದು ಬಾಟಲಿಯಲ್ಲಿ ಹಿಡಿದಿಟ್ಟಿದ್ದಳು, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಜಿಗಣೆ ಬಿಡಿಸಲು. ಒಂದು ತೊಟ್ಟು ಬಿಟ್ಟರೆ ಜಿಗಣೆ ಉದುರಿ ಬೀಳುತ್ತಿತ್ತು. ಅದನ್ನೇ ಅಷ್ಟಿಷ್ಟು ಸಾಸಿವೆ ಎಣ್ಣೆಗೆ ಬೆರೆಸಿ ಕುಲುಕಿ, ನನ್ನ ಚೌಕಿಯ ಕೆಮ್ಮಿನ ಔಷಧದ ಖಾಲಿ ಬಾಟಲಿಗೆ ತುಂಬಿ ಅತ್ತೆಯ ಕೈಗಿಟ್ಟಳು. ಹೇಗೂ ವಾಸನೆ ಒಂದೇ, ಈ ಮುದುಕನಿಗೆ ಇಷ್ಟು ಸಾಕು ಎಂದುಕೊಂಡಳಂತೆ. ಇದು ನನಗೆ ತಿಳಿದದ್ದು ಆಮೇಲೆ. ಕೇಳುವವರಿಗೆ ಗೊಂದಲ ಬೇಡವೆಂದು ಈಗಲೇ ಹೇಳಿಬಿಟ್ಟಿದ್ದೇನೆ.

ಕರ್ಸಾಂಗ್ ದಿನಾ ಬೆಳಿಗ್ಗೆ ಆ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು, ಮಂತ್ರ ಹೇಳಿ ಊದಿ, ಮೊಣಕಾಲಿಗೆ ತಿಕ್ಕಿದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಜಗಲಿಯಿಂದ ಕೋಲಿಲ್ಲದೆ ಇಳಿದ. ಒಂದು ಸಂಜೆ ಅಂಗಳದಲ್ಲಿ ಅರೆಸುತ್ತು ಕುಣಿದೂ ತೋರಿಸಿದ.

"ನೋಡಿದ್ರಾ ಡಾಕ್ಟರ್?" ಅಂದ. "ಆ ಕಬ್ಬಿಣದ ಹಂಡೆ ಸೋಕದ ಎಲೆ ಇದು. ಇದಕ್ಕೆ ಜೀವ ಇದೆ. ಊರಿನವರೆಲ್ಲ ಏನು ಬಳ್ಕೊಂತಿದ್ದಾರೋ ಅದು ಬರೀ ನೀರು."

ಒಳಗೆ ಒಲೆ ಊದುತ್ತಿದ್ದ ಜುಕಿಮಾಯಾ ಪಾತ್ರೆಯನ್ನು ಕುಕ್ಕಿದ ಸದ್ದು ನಮಗೆ ಕೇಳಿಸಿತು. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಕಾರಣ ಒಂದು ಬಿಟ್ಟು.

ನೂಲು ಹುಣ್ಣಿಮೆಯ ಹಿಂದಿನ ದಿನ ಎಣ್ಣೆ ಕೊಳ್ಳುವ ಸುವಾಲ್ ಪಟ್ಟಣದಿಂದ ಬಂದ. ಸಾಧು ಮನುಷ್ಯ, ಕೊಳಕ್ಕೂ ಹೋಗಿ ದಾರ ಕಟ್ಟಿಸಿಕೊಳ್ಳುವ ಆಸೆಯಿಂದ ಆ ದಿನವನ್ನೇ ಆರಿಸಿಕೊಂಡಿದ್ದ. ಚಹಾ ಅಂಗಡಿಯ ಮುಂದೆ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದರು. ಮೊದಲನೆಯದರ ಮುಚ್ಚಳ ತೆಗೆದು ಮೂಸಿದ, ಅಂಗೈಗೆ ಹಾಕಿಕೊಂಡು ತಿಕ್ಕಿದ, ಇನ್ನೊಂದು ತೆಗೆಸಿದ. ಆಮೇಲೆ ಎಲ್ಲವನ್ನೂ ತೆಗೆಸಿದ.

"ದಿದಿ, ಇದು ನೀರು."

"ನೀರಿಗೆ ಈ ವಾಸನೆ ಎಲ್ಲಿಂದ ಬಂತು? ನಿಮ್ಮೂರಿನ ನೀರು ಹೀಗೇ ಇರುತ್ತಾ?" ಎಂದಳು ಜುಕಿಮಾಯಾ.

"ಇದರ ಎಣ್ಣೆ ಮುಳುಗುತ್ತೆ ದಿದಿ. ತಳದಲ್ಲಿ ಕೆಂಪಗೆ ಕೂತಿತ್ತಲ್ಲ, ಅದೇ ಎಣ್ಣೆ. ಅದೆಲ್ಲಿ?"

ಒಬ್ಬಳು ಚರಂಡಿಯ ಕಡೆ ನೋಡಿದಳು. ಸುವಾಲನೂ ಅತ್ತ ನೋಡಿ ಬೆಂಚಿನ ಮೇಲೆ ಕುಸಿದು ಕೂತ. ಹೆಂಗಸರಿಗೆ ಬಾಯಿ ಬಂದದ್ದು ಆಮೇಲೆ, ಬಂದಾಗ ಎಲ್ಲರಿಗೂ ಒಟ್ಟಿಗೆ ಬಂತು. ಪಟ್ಟಣದವನು ಬೆಲೆ ಇಳಿಸಲು ಹೂಡಿದ ಆಟ ಇದು, ಎಲ್ಲಾದರೂ ಎಣ್ಣೆ ಮುಳುಗುವುದುಂಟೇ, ಊರಿನ ಸೊಂಟಗಳೆಲ್ಲ ನೆಟ್ಟಗಾದದ್ದು ನೀರಿನಿಂದಲೇ ಎಂದು ಒಬ್ಬೊಬ್ಬರೂ ಒಂದೊಂದು ಅಂದರು. ಚಹಾ ಅಂಗಡಿಯ ಮುದುಕ ಎದ್ದು ನಿಂತು ತನ್ನ ಸೊಂಟವನ್ನೇ ಸಾಕ್ಷಿಯಾಗಿ ತಿರುಗಿಸಿ ತೋರಿಸಿದ, ಹಾಗೆ ತಿರುಗಿಸುವಾಗ ಎಲ್ಲೋ ಹಿಡಿದುಕೊಂಡು ಮತ್ತೆ ಕೂತ.

ಜುಕಿಮಾಯಾ ಮಾತ್ರ ಸದ್ದಿಲ್ಲದೆ ಮನೆಗೆ ಹೋಗಿ ಜಿಗಣೆಯ ಬಾಟಲಿ ತಂದಳು. ಎರಡು ಬೆರಳಿನಷ್ಟು ಗಸಿ ಉಳಿದಿತ್ತು. ಸುವಾಲ್ ಒಂದು ಲೋಟ ನೀರಿಗೆ ಒಂದು ಹನಿ ಬಿಟ್ಟ. ಅದು ಕೆಂಪು ಮಣಿಯಂತೆ ನೆಟ್ಟಗೆ ಕೆಳಗಿಳಿದು ತಳದಲ್ಲಿ ಕೂತಿತು. ಅವಳು ಲೋಟವನ್ನು ಕಣ್ಣಿನೆತ್ತರಕ್ಕೆ ಎತ್ತಿ, ಕುಲುಕಿ, ಅದು ಮತ್ತೆ ತಳಕ್ಕೇ ಇಳಿಯುವುದನ್ನು ನೋಡಿದಳು.

ಸುವಾಲ್ ಆ ಬಾಟಲಿಯನ್ನೇ ಕೇಳಿದ. ಪಟ್ಟಣದಲ್ಲಿ ಪರೀಕ್ಷೆ ಮಾಡಿಸಿ ಗುಣ ಚೆನ್ನಾಗಿದ್ದರೆ ಮುಂದಿನ ಸಲದ ಎಣ್ಣೆಯನ್ನೆಲ್ಲ ತಾನೇ ಕೊಳ್ಳುವುದಾಗಿಯೂ, ನಮೂನೆ ಸಿಗದಿದ್ದರೆ ಬೇರೆ ಬೆಟ್ಟಕ್ಕೆ ಹೋಗುವುದಾಗಿಯೂ ಹೇಳಿದ. ಹೆಂಗಸರು ಒಪ್ಪಲಿಲ್ಲ. ಇವನು ನಿಜ ಹೇಳುತ್ತಾನೋ ಸುಳ್ಳು ಹೇಳುತ್ತಾನೋ ನಾಳೆ ಕೊಳದ ದಂಡೆಯಲ್ಲಿ ದೇವರನ್ನೇ ಕೇಳೋಣ, ಆಮೇಲೆ ಬಾಟಲಿಯ ಮಾತು ಎಂದು ತೀರ್ಮಾನವಾಯಿತು. ಜುಕಿಮಾಯಾ ಅದನ್ನು ಸೊಂಟಕ್ಕೆ ಸುತ್ತಿದ ಪಟಕದ ಬಟ್ಟೆಯಲ್ಲಿ ಕಟ್ಟಿಕೊಂಡಳು.

ಅವಳು ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಮಾವನ ಎಣ್ಣೆಯ ಗುಟ್ಟನ್ನು ಹೇಳಿದ್ದು ಆಗಲೇ. ನನಗೆ ನಗು ತಡೆಯಲಾಗಲಿಲ್ಲ. ಗಸಿಯನ್ನು ಹಾಗೇ ಹಚ್ಚಿದ್ದರೆ ಚರ್ಮ ಸುಡುತ್ತಿತ್ತು, ಕುಡಿದಿದ್ದರೆ ಪ್ರಾಣವೇ ಹೋಗುತ್ತಿತ್ತು. ಸಾಸಿವೆ ಎಣ್ಣೆಗೆ ಬೆರೆಸಿ ಮೇಲಿಂದ ತಿಕ್ಕುವುದೇ ಅದರ ಸರಿಯಾದ ಕ್ರಮ. ಬೇಸರದಿಂದ ಮಾಡಿದ ಕೆಲಸ ಇಷ್ಟು ಕ್ರಮಬದ್ಧವಾಗಿ ಆದದ್ದನ್ನು ನಾನು ಇನ್ನೊಂದು ಕಂಡಿಲ್ಲ. ಇಡೀ ಊರಿನಲ್ಲಿ ನಿಜವಾದ ಮದ್ದು ಸಿಕ್ಕಿದ್ದು ನಿನ್ನ ಮಾವನೊಬ್ಬನಿಗೇ ಎಂದೆ.

"ಅವರಿಗೆ ಹೇಳ್ಬೇಡಿ ಡಾಕ್ಟರ್ ಸಾಬ್," ಅಂದಳು. "ಗೊತ್ತಾದ್ರೆ ನಾಳೆ ಹತ್ತೋದೇ ಇಲ್ಲ."

ಅಷ್ಟರಲ್ಲಿ ಮಾವನ ಬಾಟಲಿಯೂ ಖಾಲಿಯಾಗಿತ್ತು. ಹುಣ್ಣಿಮೆಯ ಬೆಳಿಗ್ಗೆ ಮೆಂದೊ ಅದನ್ನು ತಲೆಕೆಳಗೆ ಹಿಡಿದು ತೋರಿಸಿದಳು. ಕರ್ಸಾಂಗ್ ಪರವಾಗಿಲ್ಲ ಎಂದ. ಇಷ್ಟು ದಿನ ಊದಿದ ಮಂತ್ರ ಕಾಲಿನೊಳಗೇ ಇಳಿದಿದೆ, ಇನ್ನು ಎಣ್ಣೆ ಯಾಕೆ ಎಂದು ಲಂಗ ಕಟ್ಟಿ, ಗರಿ ಸಿಕ್ಕಿಸಿ, ಢೋಲು ಎತ್ತಿಕೊಂಡ. ಔಷಧದ ಚೀಲ ಹೆಗಲಿಗೆ ಹಾಕಿ ನಾನೂ ಹೊರಟೆ, ಪ್ರತಿ ವರ್ಷ ಯಾರಾದರೂ ಜಾರಿ ಬೀಳುತ್ತಾರೆ.

ಅರ್ಧ ದಾರಿಯವರೆಗೆ ಅವನ ನಡಿಗೆ ನೋಡಲು ಚೆನ್ನಾಗಿತ್ತು. ಮಂಜು ಸುರಿಯುತ್ತಿತ್ತು, ಕಲ್ಲು ಜಾರುತ್ತಿತ್ತು, ಹಿಂದೆ ಬಿರ್ಖೆ ಬೇಕೆಂದೇ ಗತ್ತು ಜೋರು ಮಾಡುತ್ತಿದ್ದ. ಹೊರೆ ಇಳಿಸುವ ಕಟ್ಟೆಯ ಹತ್ತಿರ ಬಂದಾಗ ಕರ್ಸಾಂಗನ ಢೋಲು ತಪ್ಪಿತು. ನಾಲ್ಕು ಹೆಜ್ಜೆ ಇಟ್ಟ, ನಿಂತ, ಕಟ್ಟೆಯ ಮೇಲೆ ಕೂತ. ಬಲ ಮೊಣಕಾಲು ಲಂಗದ ಕೆಳಗೆ ನಡುಗುವುದು ಕಾಣುತ್ತಿತ್ತು. ಬಿರ್ಖೆ ಅವನನ್ನು ದಾಟಿ ಮುಂದೆ ಹೋಗಿ, ಮರ್ಯಾದೆಗೆಂದು ಅಲ್ಲೇ ನಿಂತು ತಿರುಗಿ ನೋಡಿದ.

"ಬುಟ್ಟಿ ತರಿಸ್ಲಾ ಅಜ್ಜ?" ಅಂದ.

ಕೆಲವರು ನಕ್ಕರು. ನಗದವರು ನೆಲ ನೋಡಿದರು. ನನ್ನ ಚೀಲದಲ್ಲಿ ಮುಲಾಮು ಇರಲಿಲ್ಲ, ಮಾತ್ರೆ ಇತ್ತು. ಅದು ಕೆಲಸ ಮಾಡುವಷ್ಟರಲ್ಲಿ ಬಿರ್ಖೆ ಕೊಳದ ದಂಡೆಯಲ್ಲಿ ಕುಣಿದು ಮುಗಿಸಿರುತ್ತಿದ್ದ. ಕರ್ಸಾಂಗ್ ಯಾರ ಮುಖವನ್ನೂ ನೋಡಲಿಲ್ಲ. ಎರಡು ಕೈಯಲ್ಲೂ ಮೊಣಕಾಲು ಹಿಡಿದುಕೊಂಡು ಬಾಯಲ್ಲಿ ಮಂತ್ರ ಶುರುಮಾಡಿ ನಡುವೆ ಮರೆತ. ಎಷ್ಟೋ ಜನರ ಸಾವಿನ ಮನೆಯಲ್ಲಿ ರಾತ್ರಿಯಿಡೀ ತಪ್ಪದೆ ಹೇಳಿದ ಮಂತ್ರ ಅದು. ನಾನು ಅವನಷ್ಟು ಒಳ್ಳೆಯ ಸ್ನೇಹಿತನನ್ನು ಈ ಬೆಟ್ಟದಲ್ಲಿ ಸಂಪಾದಿಸಿಲ್ಲ.

ಆಗ ಜುಕಿಮಾಯಾ ಹೆಂಗಸರ ಗುಂಪಿನಿಂದ ಈಚೆ ಬಂದಳು. ದೀಪಕ್ಕೆಂದು ಮೆಂದೊ ತಂದಿದ್ದ ಸಾಸಿವೆ ಎಣ್ಣೆಯ ಗಿಂಡಿಯನ್ನು ಅವಳ ಕೈಯಿಂದ ಕಿತ್ತುಕೊಂಡಳು. ಮಾವನ ಕಾಲಬುಡದಲ್ಲಿ ಕೂತು ಪಟಕ ಬಿಚ್ಚಿದಳು. ಅವಳೇನು ಮಾಡಲು ಹೊರಟಿದ್ದಾಳೆಂದು ಎಲ್ಲರಿಗಿಂತ ಮೊದಲು ತಿಳಿದದ್ದು ಸುವಾಲನಿಗೆ.

"ಬೇಡ ದಿದಿ. ನಮೂನೆಗೆ ಇರೋದು ಅದೊಂದೇ."

ಅವಳು ಕೇಳಿಸದವಳಂತೆ ಅಂಗೈಗೆ ಎಣ್ಣೆ ಬಗ್ಗಿಸಿ ಗಸಿ ಬೆರೆಸಿದಳು. ಕರ್ಸಾಂಗ್ ಮೂಗರಳಿಸಿದ.

"ಇದು ನನ್ನ ಎಣ್ಣೆ ವಾಸ್ನೆ. ನಿನ್ನ ಹತ್ರ ಹೇಗೆ ಬಂತು?"

"ಇದು ಭಟ್ಟಿದು ಮಾವ. ತಳದ ಗಸಿ. ಇಷ್ಟು ದಿನ ನೀವು ಹಚ್ಕೊಂಡಿದ್ದೂ ಇದೇ." ಅವಳು ತಲೆ ಎತ್ತಲಿಲ್ಲ. "ಪ್ರೀತಿಯಿಂದ ಮಾಡ್ಕೊಟ್ಟೆ ಅಂದ್ಕೋಬೇಡಿ. ಬಿಸಿಲಿಗೆ ಇಡೋಕೆ ಬೇಜಾರಾಗಿ, ಚೆಲ್ಲೋದನ್ನ ಕೊಟ್ಟೆ. ಮದ್ದು ಅಂತ ಗೊತ್ತಿದ್ರೆ ಬಹುಶಃ ಕೊಡ್ತಿರ್ಲಿಲ್ಲ."

ಹತ್ತಿರ ಕೂತಿದ್ದ ನನಗೂ ಮೆಂದೊಗೂ ಮಾತ್ರ ಇದು ಕೇಳಿಸಿತು. ಮುದುಕ ಸೊಸೆಯ ಬೈತಲೆ ನೋಡುತ್ತ ಕೂತ. ಮೇಲೆ ಬಿರ್ಖೆಯ ಢೋಲು ಮತ್ತೆ ಶುರುವಾಯಿತು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹೆಣದ ಬೆವರು ಎಂದು ಊರೆಲ್ಲ ಸಾರಿದವನು ತಾನೇ. ಈಗ ಕಾಲು ಹಿಂದೆಳೆದುಕೊಂಡರೆ ಮಾತು ಉಳಿಯುತ್ತಿತ್ತು, ಢೋಲು ಹೋಗುತ್ತಿತ್ತು. ಅವನು ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಕಾಲು ಚಾಚಿದ.

ಅವಳು ಬಾಟಲಿ ಬರಿದಾಗುವವರೆಗೂ ತಿಕ್ಕಿದಳು. ಎರಡೂ ಮೊಣಕಾಲಿಗೆ, ಹಿಂಭಾಗದ ನರಕ್ಕೆ, ಹಿಟ್ಟು ನಾದುವಷ್ಟು ಬಲ ಹಾಕಿ. ಅದರಲ್ಲಿ ಸಿಟ್ಟು ಎಷ್ಟಿತ್ತು, ಬೇರೆಯದು ಎಷ್ಟಿತ್ತು, ಹೇಳುವುದು ನನ್ನ ಓದಿಗೆ ಮೀರಿದ್ದು. ಮುದುಕನ ಮುಖಕ್ಕೆ ರಕ್ತ ಬಂತು. ಎದ್ದ. ಅವಳು ಕೈ ಒರೆಸಿಕೊಂಡು ಎಸೆದ ಬಟ್ಟೆಯನ್ನು ಸುವಾಲ್ ಚಿನ್ನ ಸಿಕ್ಕವನಂತೆ ಎತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಂಡ.

ಕೊಳದ ದಂಡೆಯಲ್ಲಿ ಮೊದಲು ಕುಣಿದವನು ಕರ್ಸಾಂಗ್. ಬಿರ್ಖೆಯನ್ನು ಕೊನೆಯ ಏರಿನಲ್ಲಿ ದಾಟಿ ಹೋದ. ದಾಟುವಾಗ ಹಿಂದೆ ತಿರುಗಿ, ಬುಟ್ಟಿ ಬೇಕಾದರೆ ಹೇಳು ಮಗನೇ ಎನ್ನುವುದನ್ನು ಮರೆಯಲಿಲ್ಲ. ಬಿರ್ಖೆ ನೆಲ ಒದ್ದೆಯಾಗಿದೆ, ಕುಣಿಯಲು ಆಗುವುದಿಲ್ಲ ಎಂದ. ಕುಣಿಯಲಾರದವರಿಗೆ ನೆಲ ಡೊಂಕಾಗುವುದು ಎಲ್ಲ ಬೆಟ್ಟಗಳಲ್ಲೂ ಇದ್ದದ್ದೇ.

ಮೈಮೇಲೆ ದೇವರು ಬಂದಾಗ ಹೆಂಗಸರು ಕೈಮುಗಿದು ಮುಂದೆ ಹೋದರು. ಪಟ್ಟಣದವನು ಹೇಳಿದ್ದು ದಿಟವೇ ಸುಳ್ಳೇ ಎಂದು ಕೇಳಿದರು. ಕರ್ಸಾಂಗನ ಗರಿಗಳು ಅದುರಿದವು. ಮೇಲಿರುವುದು ನೀರು, ಸತ್ವ ಇರುವುದು ತಳದಲ್ಲಿ, ಚೆಲ್ಲಬೇಕಾದ್ದನ್ನು ಇಟ್ಟುಕೊಂಡಿರಿ, ಇಟ್ಟುಕೊಳ್ಳಬೇಕಾದ್ದನ್ನು ಚೆಲ್ಲಿದಿರಿ ಎಂದು ದೇವರು ನುಡಿಯಿತು. ಹೆಂಗಸರು ದಂಗಾಗಿ ಅಡ್ಡಬಿದ್ದರು. ಭಟ್ಟಿಯ ಹತ್ತಿರ ಕೂಡ ಸುಳಿಯದ ಮುದುಕನ ಬಾಯಿಂದ ಈ ಮಾತು ಬರಬೇಕಾದರೆ ಅದು ದೇವರೇ ಅಲ್ಲದೆ ಮತ್ತೇನು? ಇದೇ ಮಾತನ್ನು ಹಿಂದಿನ ದಿನ ಪುಕ್ಕಟೆಯಾಗಿ ಹೇಳಿ ಕಳ್ಳನೆನಿಸಿಕೊಂಡಿದ್ದ ಸುವಾಲ್ ಕೂಡ ಅಡ್ಡಬಿದ್ದ, ಅವನಿಗೂ ಮೈ ಜುಮ್ಮೆಂದಿತಂತೆ.

ಆ ಕೈಯೊರೆಸಿದ ಬಟ್ಟೆ ಪಟ್ಟಣದಲ್ಲಿ ಅದು ಹೇಗೆ ಪಾಸಾಯಿತೋ, ದಸೈಂ ಮುಗಿದ ಮೇಲೆ ಸುವಾಲ್ ಮತ್ತೆ ಬಂದ. ಈಗ ಭಟ್ಟಿಯ ತಳದ ನಲ್ಲಿ ತಿರುಗಿಸುವ ಮುಂಚೆ ಕರ್ಸಾಂಗನನ್ನು ಕರೆಸಿ ಢೋಲು ಬಾರಿಸುತ್ತಾರೆ. ಢೋಲು ಬಾರಿಸದಿದ್ದರೆ ಎಣ್ಣೆ ಮುಳುಗುವುದಿಲ್ಲ, ತೇಲಿಬಿಡುತ್ತದೆ ಎಂದು ಊರಿನ ನಂಬಿಕೆ. ಪ್ರತಿ ಹಂಡೆಗೆ ಒಂದು ಕೋಳಿ ಅವನಿಗೆ ಸಲ್ಲುತ್ತದೆ. ಮುಳುಗುವುದು ಎಣ್ಣೆಯ ಗುಣ ಎಂದು ನಾನು ಒಂದೆರಡು ಸಲ ವಿವರಿಸಿದೆ. ಆ ಕೋಳಿಯಲ್ಲಿ ಅರ್ಧ ಸಂಜೆ ನನ್ನ ತಟ್ಟೆಗೇ ಬರುವುದರಿಂದ ಹೆಚ್ಚು ಒತ್ತಿ ಹೇಳಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಹುಣ್ಣಿಮೆಯ ದಿನ ಇಳಿದು ಬರುವಾಗಿನ ಮಾತು. ಆ ವರ್ಷ ಕರ್ಸಾಂಗ್ ಬುಟ್ಟಿ ಹತ್ತಲಿಲ್ಲ. ಗರಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಧಾನವಾಗಿ ಇಳಿಯುತ್ತಿದ್ದ. ಅವನ ಹಿಂದೆ ಢೋಲು ಹೊತ್ತು ಜುಕಿಮಾಯಾ, ಅವಳ ಹಿಂದೆ ನಾನು. ಮಚ್ಚಿನೋ ಪೊದೆಗಳು ಶುರುವಾಗುವ ಕಡೆ ಬಂದಾಗ ಮುದುಕ ತಿರುಗದೆಯೇ ಮಾತು ತೆಗೆದ. ಸೊಸೆಯ ಜೊತೆ ಅವನು ನೇರವಾಗಿ ಮಾತಾಡಿ ಎರಡು ವರ್ಷದ ಮೇಲಾಗಿತ್ತು, ಕಟ್ಟೆಯ ಮೇಲಿನ ಮಾತು ಬಿಟ್ಟರೆ.

"ಬೇಕಾದೋರಿಗೆಲ್ಲ ಅಕ್ಕರೆಯಿಂದ ನೀರು ಹಂಚ್ದೆ. ನನ್ನ ಕಂಡ್ರೆ ಆಗಲ್ಲ ಅಂತ ನನಗೆ ಗಸಿ ಕೊಟ್ಟೆ."

"ಹೌದು ಮಾವ."

ಅವನು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಕಾಲಿಟ್ಟು, ಗಟ್ಟಿಯಾಗಿದೆಯೇ ಎಂದು ನೋಡಿಕೊಂಡ.

"ನಾನು ಇರೋವರೆಗೂ ನಿಂಗೆ ನನ್ನ ಕಂಡ್ರೆ ಆಗದೇ ಇರ್ಲಿ ಕಣೆ."

ಅವಳು ಜಾರುತ್ತಿದ್ದ ಢೋಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಆಗ್ಲಿ ಮಾವ," ಅಂದಳು. "ಅದೇನು ಅಂಥ ಕಷ್ಟದ ಕೆಲ್ಸ ಅಲ್ಲ."